ಬ್ಲೂಬೆರಿ ಬಂತು, ಅತ್ತೆ ಬರಲಿಲ್ಲ

ಬೆಳಿಗ್ಗೆ ದೋಸೆ ಹೊಯ್ದೆ. ವಾರದ ಬೆಡ್‌ಶೀಟುಗಳನ್ನು ಒಗೆದು ಗ್ಯಾಲರಿಯ ಹಗ್ಗಕ್ಕೆ ಹಾಕಿದೆ. ನೀರು ನಿಲ್ಲುವ ಮುಂಚೆ ಡ್ರಮ್ ತುಂಬಿಸಿದೆ. ಮಿಕ್ಸರ್ ರಿಪೇರಿಯವನಿಗೆ ಫೋನ್ ಮಾಡಿದೆ. ‘ಆತಾ ಯೇತೋ’, ಈಗ ಬರ್ತೇನೆ ಎಂದ, ಅಂದರೆ ಇವತ್ತು ಬರುವುದಿಲ್ಲ. ಮಧ್ಯಾಹ್ನ ಹುಣಸೆಹಣ್ಣಿನ ಬೀಜ ತೆಗೆದೆ. ಸಂಜೆ ಒಣಗಿದ ಬೆಡ್‌ಶೀಟು ಮಡಚುತ್ತಿದ್ದೆ, ಬೆಲ್ ಆಯಿತು.

ಬಾಗಿಲು ತೆರೆದರೆ ನಮ್ಮ ಯಜಮಾನರು. ಕೈಯಲ್ಲಿ ಬ್ಲೂಬೆರಿಯ ಡಬ್ಬಿ. ಅತ್ತೆ ಇಲ್ಲ.

ಹೊರಡುವಾಗ ಇದ್ದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಕೇಳಿದಳು: “ಪಪ್ಪಾ, ಅಜ್ಜಿ ಕಿಧರ್ ಹೈ?”

ಅವರು ಹಿಂದೆ ತಿರುಗಿ ಲಿಫ್ಟಿನ ಕಡೆ ನೋಡಿದರು. ಆಮೇಲೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಳಿತುಬಿಟ್ಟರು. ಡಬ್ಬಿ ಮಾತ್ರ ಕೈಬಿಡಲಿಲ್ಲ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಅತ್ತೆಗೆ ಎಪ್ಪತ್ತು ದಾಟಿದೆ. ಉಡುಪಿಯಿಂದ ಮದುವೆಯಾಗಿ ನಮ್ಮ ಈ ಠಾಣೆ ಊರಿಗೆ ಬಂದವರು, ಇಲ್ಲಿನ ಬಸ್ಸು, ತರಕಾರಿಯ ಬಾಜಿ ಮಾರ್ಕೆಟ್ಟು, ಎಲ್ಲ ಅಂಗೈಯಲ್ಲಿ. ಕಳೆದ ಮಳೆಗಾಲದಲ್ಲಿ ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಮರೆತರು. ಪಾತ್ರೆ ಸೀದುಹೋಯಿತು. (ಹಾಲು ಸೀಯಿಸದ ಹೆಂಗಸು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬಂದು ನನಗೆ ದರ್ಶನ ಕೊಡಿ.) ನಾನು ಸೀಯಿಸಿದರೆ ಅದು ಟೆನ್ಷನ್. ಅತ್ತೆ ಸೀಯಿಸಿದರೆ ಅದು ಮೆದುಳಿನ ಸಮಸ್ಯೆ!

ಯಜಮಾನರ ಗಾಬರಿಗೆ ಕಾರಣ ಇಲ್ಲದಿಲ್ಲ. ಮಾವನವರು ಕೊನೆಯ ವರ್ಷಗಳಲ್ಲಿ ಮನೆಯವರ ಹೆಸರುಗಳನ್ನು ಒಂದೊಂದಾಗಿ ಮರೆಯುತ್ತ ಹೋದವರು. ಆ ಹೆದರಿಕೆಯನ್ನು ಇವರು ಬಾಯಿಬಿಟ್ಟು ಹೇಳುವುದಿಲ್ಲ. ಸಾಮಾನು ತಂದು ಹೇಳುತ್ತಾರೆ.

ಆ್ಯಂಟಿಆಕ್ಸಿಡೆಂಟ್ ಹೆಚ್ಚಿರುವ ತಿನಿಸುಗಳು ವಯಸ್ಸಾಗುವ ಮೆದುಳನ್ನು ಕಾಪಾಡಲು ನೆರವಾಗಬಹುದು ಎಂದು ಎಲ್ಲೋ ಓದಿದರಂತೆ. ‘ಬಹುದು’ ಎಂಬಲ್ಲಿಗೆ ಬರುವಷ್ಟರಲ್ಲಿ ಕನ್ನಡಕ ತೆಗೆದಿರಬೇಕು. ಮರುದಿನದಿಂದ ಅತ್ತೆಗೆ ಫಿಲ್ಟರ್ ಕಾಫಿ ಬಂದ್, ಗ್ರೀನ್ ಟೀ ಶುರು. (ಕಾಫಿಯಲ್ಲೂ ಅದೇ ಆ್ಯಂಟಿಆಕ್ಸಿಡೆಂಟ್ ಇದೆ ಅಂದೆ. ಕಾಫಿ ಅಮ್ಮನಿಗೆ ಇಷ್ಟ, ಆದ್ದರಿಂದ ಔಷಧವಾಗಲು ಲಾಯಕ್ಕಿಲ್ಲ ಎಂಬಂತೆ ನನ್ನನ್ನು ನೋಡಿದರು.) ಕಹಿ ಚಾಕೊಲೇಟ್ ಬಂತು. ರಾತ್ರಿ ಬಟ್ಟಲಲ್ಲಿ ಅಕ್ರೋಟು ನೆನೆಯತೊಡಗಿತು. ಬೆಳಿಗ್ಗೆ ಮಗ ಎದುರು ನಿಂತು, ಅಮ್ಮ ಅಗಿದು ನುಂಗುವವರೆಗೂ ಕದಲುತ್ತಿರಲಿಲ್ಲ.

ಅಷ್ಟಾದರೆ ಅತ್ತೆ ಸಹಿಸುತ್ತಿದ್ದರು. ಆದರೆ ಇನ್ನೊಂದು ರೂಲ್ ಬಂತು. ಒಬ್ಬರೇ ಹೊರಗೆ ಹೋಗಬಾರದು.

ಅತ್ತೆಯ ತಂಗಿ ಇರುವುದು ಐರೋಲಿಯಲ್ಲಿ. ಪ್ರತಿ ಭಾನುವಾರ ಅತ್ತೆ ಒಬ್ಬರೇ ಟ್ರೈನ್ ಹತ್ತಿ ಅಲ್ಲಿಗೆ ಹೋಗಿ, ಅರ್ಧ ದಿನ ನಕ್ಕು, ನಮ್ಮನ್ನೆಲ್ಲ ಆಡಿಕೊಂಡು ಬರುತ್ತಿದ್ದರು. ಈಗ ಮಗ ಕರೆದುಕೊಂಡು ಹೋಗುತ್ತಾರೆ, ಪಕ್ಕದಲ್ಲೇ ಕೂರುತ್ತಾರೆ. ಮಗನೆದುರು ಸೊಸೆಯನ್ನು ಬೈಯುವುದು ಹೇಗೆ? ಇಬ್ಬರು ಮುದುಕಿಯರು ಹವಾಮಾನ ಮಾತಾಡಿ ಏಳುತ್ತಾರೆ. ಅತ್ತೆಯ ಮೊಬೈಲ್ ಕೂಡ ಮಗನ ಜೇಬಿನಲ್ಲಿ, ಅವರು ಎಲ್ಲಾದರೂ ಬಿಟ್ಟುಬಿಟ್ಟರೆ?

ಈ ಭಾನುವಾರವೂ ಹೋದರು. ಬರುವಾಗ ಐರೋಲಿಯ ದೊಡ್ಡ ಅಂಗಡಿಯಲ್ಲಿ ಅದೇ ಆ್ಯಂಟಿಆಕ್ಸಿಡೆಂಟಿನ ಬ್ಲೂಬೆರಿ ಹಣ್ಣು ಸಿಕ್ಕಿತು. ಸ್ಟೇಷನ್ನಿನಲ್ಲಿ ಎಂದಿನಂತೆ ಅಮ್ಮನನ್ನು ಲೇಡೀಸ್ ಡಬ್ಬಕ್ಕೆ ಹತ್ತಿಸಿ, ತಾವು ಜನರಲ್ ಬೋಗಿಗೆ ಹತ್ತಿದರು. ಒಳಗೆ ಭಾರೀ ಗರ್ದಿ. ಹಣ್ಣು ಅಪ್ಪಚ್ಚಿಯಾಗಬಾರದೆಂದು ಠಾಣೆಯವರೆಗೂ ಡಬ್ಬಿಯನ್ನು ತಲೆಯ ಮೇಲೆತ್ತಿ ನಿಂತರು. ಇಳಿದವರು ಅದೇ ಭಂಗಿಯಲ್ಲಿ ಬ್ರಿಜ್ ದಾಟಿ, ರಿಕ್ಷಾ ಹಿಡಿದು, ಮನೆಗೆ ಬಂದರು. ಹಣ್ಣಿಗೆ ಒಂದು ಗೀರೂ ಇಲ್ಲ.

ನಾನು ಅತ್ತೆಯ ನಂಬರಿಗೆ ಫೋನ್ ಮಾಡಿದೆ. ಇವರ ಜೇಬು ರಿಂಗಾಯಿತು.

ಆಗ ಇವರ ಮುಖ ನೋಡಬೇಕಿತ್ತು. ನಗು ಬಂದದ್ದು ನಿಜ, ಆದರೆ ಸ್ಟೇಷನ್ನು ಕಣ್ಣೆದುರು ಬಂದದ್ದೂ ನಿಜ. ಆ ಪ್ಲಾಟ್‌ಫಾರಂ, ಆ ಜನ. ಇವರು ಎಡದ ಬೂಟಿಗೆ ಬಲಗಾಲು ತೂರಿಸುತ್ತಿದ್ದಾರೆ. ಮಗಳು ಸ್ಕೂಟಿಯ ಕೀ ಹುಡುಕುತ್ತಿದ್ದಾಳೆ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಸರಿಯಿತು.

ಅತ್ತೆ. ಕೈಯಲ್ಲಿ ಒಂದು ಕಟ್ಟು ಕೆಂಪು ಹರಿವೆ ಸೊಪ್ಪು.

“ಎಲ್ಲಿಗೆ ಹೊರಟದ್ದು ಮತ್ತೆ? ನನ್ನೆದುರಿಂದ್ಲೇ ಹೋದೆಯಲ್ಲ ಮಾರಾಯ, ದೇವರ ಮೂರ್ತಿ ಹೊತ್ತ ಹಾಗೆ ಆ ಡಬ್ಬಿ ಹೊತ್ಕೊಂಡು. ಎಷ್ಟು ಕರ್ದೆ, ಕೇಳ್ಬೇಕಲ್ಲ. ಮತ್ತೆಂತ ಮಾಡುದು, ಬಸ್ಸು ಹತ್ತಿದೆ.”

ಇವರು ಅಮ್ಮನ ಕೈ ಹಿಡಿದುಕೊಂಡರು. “ದಾರಿ ತಪ್ಪಿದ್ರೆ ಎಂತ ಮಾಡ್ತಿದ್ದೆ ಅಮ್ಮ?”

“ತಪ್ಪಿದ್ರೆ ಕೇಳ್ತಿದ್ದೆ.” ಅತ್ತೆ ಕೈ ಬಿಡಿಸಿಕೊಂಡು, ಹರಿವೆ ನನಗೆ ಕೊಟ್ಟು, ಕುಳಿತರು. ಆಮೇಲೆ ಸ್ವರ ತಗ್ಗಿತು. “ನಿನ್ನ ಅಪ್ಪ ಒಂದೆಲಗದ ಚಟ್ನಿ ಬಿಟ್ಟು ಉಂಡವರಲ್ಲ. ನೆನಪಿಗೆ ಒಳ್ಳೇದು ಅಂತ. ಕೊನೆಗೆ ನನ್ನನ್ನೇ ಯಾರು ಅಂತ ಕೇಳಿದ್ರು. ತಿನ್ನುದಿಲ್ಲ ಅಂತ ನಾನು ಹೇಳುದಿಲ್ಲ. ನೀನು ಕೊಟ್ಟದ್ದು ತಿಂತೇನೆ. ಆದ್ರೆ ದಾರಿ ನೆನಪಿರುವಷ್ಟು ದಿನ ತಂಗಿ ಮನೆಗೆ ನಾನೊಬ್ಳೇ ಹೋಗ್ಬೇಕು.”

ಇವರು ಜೇಬಿನಿಂದ ಮೊಬೈಲ್ ತೆಗೆದು ಅಮ್ಮನ ಮಡಿಲಲ್ಲಿಟ್ಟರು.

ಮೆದುಳಿಗೆ ಆಹಾರ ಬೇಕು, ಒಪ್ಪಿದೆ. ಆದರೆ ಮೆದುಳಿಗೆ ಕೆಲಸವೂ ಬೇಡವೇ? ದಾರಿ ಹುಡುಕುವುದು, ಬಸ್ಸಿನ ನಂಬರ್ ನೋಡುವುದು, ತಂಗಿಯ ಹತ್ತಿರ ಸೊಸೆಯ ತಪ್ಪುಗಳನ್ನು ಒಂದೂ ಬಿಡದೆ ಹೇಳುವುದು? ಇದನ್ನೆಲ್ಲ ಕಸಿದುಕೊಂಡು ಬಟ್ಟಲು ತುಂಬ ಹಣ್ಣು ಕೊಟ್ಟರೆ ಆ ಮೆದುಳನ್ನು ಕಾಪಾಡಿಕೊಂಡು ಮಾಡುವುದಾದರೂ ಏನು?

ರಾತ್ರಿ ಗಂಜಿ, ಹರಿವೆ ಪಲ್ಯ, ಮಿಡಿ ಉಪ್ಪಿನಕಾಯಿ. ಬ್ಲೂಬೆರಿಯನ್ನೂ ಹಂಚಿಕೊಂಡೆವು. ಹುಳಿ. ಮಗಳು ಚಾಟ್ ಮಸಾಲಾ ಉದುರಿಸಿ ತಿಂದಳು.

ಮೊದಲು ಮಲಗಿದವರು ಅತ್ತೆ. ಅಕ್ರೋಟು ನೆನೆಹಾಕುವುದನ್ನು ಅವರು ಮರೆತಿರಲಿಲ್ಲ. ಬಟ್ಟಲನ್ನು ಮಾತ್ರ ಮಗನ ಕುರ್ಚಿಯ ಮುಂದೆ ಇಟ್ಟಿದ್ದರು.