ಅಣಕು ಮೇಲ್ಮನವಿಯ ಹತ್ತು ನಿಮಿಷ

ಎಂಬತ್ತರ ದಶಕದ ಮೊದಲ ವರ್ಷಗಳು. ಹಾನಗಲ್ಲಿನಲ್ಲಿ ನಾನು ವಕೀಲಿ ಶುರು ಮಾಡಿ ಎರಡು ವರ್ಷವೂ ಆಗಿರಲಿಲ್ಲ. ಸವಣೂರು, ಶಿಗ್ಗಾವಿ, ಹಿರೇಕೆರೂರಿನ ವಕೀಲರೂ ನಮ್ಮವರೂ ಸೇರಿ ಒಂದು ಭಾನುವಾರ ಹೈಸ್ಕೂಲಿನ ಸಭಾಗೃಹದಲ್ಲಿ ಅಣಕು ಮೇಲ್ಮನವಿ ಏರ್ಪಡಿಸಿದರು. ಕೋರ್ಟು ಸುಳ್ಳು, ಮೊಕದ್ದಮೆಯೂ ಸುಳ್ಳು. ಪ್ರಶ್ನೆ ಮಾತ್ರ ಸಂವಿಧಾನದ್ದು. ವಾದಿಸಲು ಧಾರವಾಡದಿಂದ ಇಬ್ಬರು ಹೆಸರಾಂತ ವಕೀಲರು ಬರುವವರಿದ್ದರು. ಪೀಠಕ್ಕೆ ಒಬ್ಬ ನಿವೃತ್ತ ನ್ಯಾಯಾಧೀಶರು. ಊರ ಜನಕ್ಕೂ ತಿಳಿಯಲಿ ಎಂದು ಎಲ್ಲವೂ ಕನ್ನಡದಲ್ಲಿ.

ಮೊಕದ್ದಮೆ ಇಷ್ಟೇ: ತನ್ನ ಮನೆಯ ಪಡಸಾಲೆಯಲ್ಲಿ ಚಹಾದಂಗಡಿ ನಡೆಸುವವನೊಬ್ಬ ದಲಿತ ಗಿರಾಕಿಗಳಿಗೆ ಬೇರೆ ಕಪ್ಪು ಇಟ್ಟಿದ್ದ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಹದಿನೇಳನೆಯ ವಿಧಿ ಆ ಪಡಸಾಲೆಗೂ ಅನ್ವಯಿಸುತ್ತದೆಯೇ? ಅಂಗಡಿಯವನ ಪರ ವಾದಿಸುವ ಹಿರಿಯರಿಗೆ ನಾನು ಜೂನಿಯರ್ ಆದೆ.

ಅವರು ಕಾಗದಪತ್ರ ನೋಡಿ ನಕ್ಕರು. "ತಮ್ಮಾ, ಕಾಯ್ದೆ ನಮ್ಮ ಕಡೆ ಇಲ್ಲ. ಕಡೀಕ ಹತ್ತು ನಿಮಿಷ ನಿನಗ ಬಿಡ್ತೇನಿ. ಜನರ ಮನಸ್ಸಿಗೆ ನಾಟುವಂಥಾದ್ದು ಏನಾರ ಹುಡುಕ."

ನಾನು ಹುಡುಕಿದೆ. ಅದು ನಮ್ಮ ಮನೆಯಲ್ಲೇ ಸಿಕ್ಕಿತು.

ನಮ್ಮದು ಆಡೂರಿನಲ್ಲಿ ಹೊಲಮನೆ ಇದ್ದ ಲಿಂಗಾಯತ ಮನೆತನ. ಅದೇ ಊರಿನ, ಬೌದ್ಧ ಧರ್ಮಕ್ಕೆ ಸೇರಿದ್ದ ದಲಿತರ ಮನೆಯ ಗೆಳೆಯನೊಬ್ಬ ನನ್ನ ಜೊತೆ ಕಾಲೇಜಿಗೆ ಬರುತ್ತಿದ್ದ. ಬಸ್ಸಿನಲ್ಲಿ ಒಂದೇ ಸೀಟು, ಇಬ್ಬರಿಗೂ ಒಂದೇ ಲೆಕ್ಕದ ಪುಸ್ತಕ. ಒಮ್ಮೆ ಆ ಪುಸ್ತಕ ಒಯ್ಯಲು ಮನೆಗೆ ಬಂದಾಗ ಅವ್ವ ದನದ ಕೊಟ್ಟಿಗೆಯ ಗೂಡಿನಲ್ಲಿದ್ದ ಕಿವಿ ಮುರಿದ ಕಪ್ಪಿನಲ್ಲಿ ಅವನಿಗೆ ಚಹಾ ಕೊಟ್ಟಳು. ಅವನು ನಿಂತೇ ಕುಡಿದ, ಕಪ್ಪು ತೊಳೆದ, ಮತ್ತೆ ಗೂಡಿನಲ್ಲಿ ಬೋರಲು ಹಾಕಿದ. ನಾನು ಪಕ್ಕದಲ್ಲೇ ಇದ್ದೆ. ಆ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ.

ಅವನೀಗ ತಡಸದಲ್ಲಿ ಮಾಸ್ತರನಾಗಿದ್ದ. ನನ್ನ ವಾದ ಕೇಳಲು ಬಾ ಎಂದು ನಾನೇ ಕಾರ್ಡು ಬರೆದು ಕರೆದಿದ್ದೆ. ವಾದದಲ್ಲಿ ಏನು ಹೇಳಬೇಕೆಂದು ಗೊತ್ತುಮಾಡಿಕೊಂಡದ್ದು ಆಮೇಲೆ. ಕರೆದದ್ದು ಆಗ ನೆನಪಿರಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಿತ್ತು. ಹೆಸರು ಹೇಳದಿದ್ದರೆ ಸಾಕು ಅಂದುಕೊಂಡೆ.

ನನ್ನ ಸರದಿ ಬಂತು. "ಒತ್ತಾಯ ಎಲ್ಲಿದೆ, ಸ್ವಾಮಿ?" ಎಂದು ಶುರುಮಾಡಿದೆ. "ಕಾಲೇಜು ಓದುವ ತಿಳಿವಳಿಕಸ್ಥನೊಬ್ಬನನ್ನು ನಾನು ಬಲ್ಲೆ. ಕೊಟ್ಟ ಕಪ್ಪು ತೆಗೆದುಕೊಂಡ, ಸಂತೋಷದಿಂದ ಕುಡಿದ, ತೊಳೆದು ಗೂಡಿನಲ್ಲಿಟ್ಟ. ಒಲ್ಲೆ ಅನ್ನಲಿಲ್ಲ. ಅವನಿಗಿಲ್ಲದ ಸಿಟ್ಟು ಸರಕಾರಕ್ಕೆ ಯಾಕೆ?" ಹೇಳುತ್ತಲೇ ಕಪ್ಪು ತೊಳೆದು ಬೋರಲು ಹಾಕುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಜನ ನಕ್ಕರು. ನಗು ಬಂದದ್ದೇ ಇನ್ನೊಮ್ಮೆ ಮಾಡಿದೆ.

ಆಗ ಕಂಡ. ಮೂರನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ. ನನ್ನ ಕೈಯನ್ನೇ ನೋಡುತ್ತಿದ್ದ. ಎದ್ದು ಹೋಗಲಿಲ್ಲ, ಕೊನೆಯವರೆಗೂ ಕೂತ. ಪೀಠ ಶಿಕ್ಷೆಯನ್ನು ಎತ್ತಿಹಿಡಿದು ನಮ್ಮ ಮೇಲ್ಮನವಿಯನ್ನು ವಜಾ ಮಾಡಿತು. ಆದರೂ ನನ್ನ ಮಂಡನೆ ಚಂದವಿತ್ತೆಂದು ನ್ಯಾಯಾಧೀಶರು ಹೊಗಳಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಮೂರನೆಯ ಸಾಲಿನ ಆ ಕುರ್ಚಿ ಖಾಲಿಯಾಗಿತ್ತು.

ತಡಸಕ್ಕೆ ಹೋಗಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ. ಹೋದಾಗ ಶಾಲೆ ಬಿಟ್ಟಿತ್ತು. ಅವನು ವರಾಂಡದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ.

"ಬರ್ರಿ ವಕೀಲ್ರ, ಕುಂದರ್ರಿ," ಅಂದ.

ಒಂದೇ ಸೀಟಿನಲ್ಲಿ ಕೂತು 'ಲೇ' ಅನ್ನುತ್ತಿದ್ದವನ ಬಾಯಲ್ಲಿ ಈ 'ರಿ' ಕೇಳಿ ನಾನು ಕೂರದೆ ನಿಂತೇ ಇದ್ದೆ.

"ತಪ್ಪಾತೋ," ಅಂದೆ. "ಅದು ಬರೇ ಆಟದ ಕೋರ್ಟು. ಯಾವ ಕಡೆ ಕೊಟ್ರೂ ವಾದ ಮಾಡಬೇಕಿತ್ತು."

"ಮಾಡ್ರಿ. ನಿಮ್ಮ ಕಸುಬು ಅದು." ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿದ. "ಒಂದ ಮಾತು ಕೇಳ್ತೇನ್ರಿ. ನಾ ಅವತ್ತ ಒಲ್ಲೆ ಅನ್ನಲಿಲ್ಲ ಖರೆ. ಯಾಕ ಅನ್ನಲಿಲ್ಲ ಅಂತ ನನ್ನ ಯಾವಾಗರ ಕೇಳೀರೇನು?"

ನಾನು ತಲೆ ಅಲ್ಲಾಡಿಸಿದೆ.

"ನೀವು ಬಾಜೂಕ ನಿಂತಿದ್ರಿ. ಮಾರಿ ಸಣ್ಣದು ಮಾಡಿದ್ರಿ. ನಾ ಏನರ ಅಂದ್ರ ನಿಮ್ಮವ್ವ ನಿಮಗ ಬೈತಾಳ, ನಾಳಿಂದ ನನ್ನ ಕೂಡ ತಿರಗಾಕ ಬಿಡೂದಿಲ್ಲ ಅಂತ ಅಂಜಿದ್ನಿ. ಗೆಳೆತನ ಉಳೀಲಿ ಅಂತ ಕುಡದೇನ್ರಿ. ಸಂತೋಷಲೆ ಅಲ್ಲ."

ಅವನು ಬಸ್‌ಸ್ಟ್ಯಾಂಡಿನವರೆಗೂ ಬಂದು ಕಳಿಸಿದ. ಅವ್ವನ ಮೊಣಕಾಲು ನೋವು ಹೇಗಿದೆ ಎಂದೂ ಕೇಳಿದ. ಮುಂದೆ ಹಾನಗಲ್ಲಿನ ಬಜಾರಿನಲ್ಲಿ ಸಿಕ್ಕಾಗಲೆಲ್ಲ ನಿಂತು ಮಾತಾಡಿಸುತ್ತಿದ್ದ. ಆ 'ರಿ' ಮಾತ್ರ ಬಿಡಲಿಲ್ಲ. ಬಿಡು ಎಂದು ಕೇಳುವ ಮುಖ ನನಗಿರಲಿಲ್ಲ.

ಮರುವರ್ಷ ಹಿರೇಕೆರೂರಿನಲ್ಲಿ ಮತ್ತೆ ಅಣಕು ಮೇಲ್ಮನವಿ ಇಟ್ಟಾಗ ಧಾರವಾಡದ ಹಿರಿಯರು ನನ್ನನ್ನೇ ಕೇಳಿ ಪತ್ರ ಬರೆದರು. ನಾನು ಒಲ್ಲೆನೆಂದೆ. ಕಾರಣ ಕೇಳಿದರು. ನಿಜ ಹೇಳಬಹುದಿತ್ತು. ಗಂಟಲು ಕಟ್ಟಿದೆ ಎಂದು ಬರೆದು ಕಳಿಸಿದೆ.