ಅಕ್ಕನ ಹಲಸಿನ ಹಲಗೆ

ಹಳೇ ನಮೂನೆಯ ಮೇಜು, ಮಂಚ, ಬೆಂಚು ಮಾಡುವುದು ನನ್ನ ಕಸುಬು. ಕೋಲಾರದಲ್ಲಿ ಒಂದು ಸಣ್ಣ ಶೆಡ್ಡು. ಬರುವವರಿಗೆಲ್ಲ ತಾತನ ಕಾಲದ್ದೇ ಬೇಕು, ಆದರೆ ಮುಂದಿನ ವಾರವೇ ಬೇಕು. ಅಗಲವಾದ ಹಲಗೆ ಒಣಗಲು ವರ್ಷಗಟ್ಟಲೆ ಬೇಕು ಅಂದರೆ ನನ್ನ ಮುಖ ನೋಡುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಎಷ್ಟೋ ಜನರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದೇನೆ.

ಅಕ್ಕ ಬೆಂಚು ಕೇಳಿದಾಗ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಹುತ್ತೂರಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗುವಾಗ ನನ್ನನ್ನೂ ಜೊತೆಗೇ ಕರೆದುಕೊಂಡು ಹೋದಳು. ನಾನು ಕೋಲಾರದಲ್ಲಿ ಕೆಲಸ ಕಲಿಯುವಾಗ ದಿನಾ ಬೆಳಗಿನ ಬಸ್ಸಿನಲ್ಲಿ, ಡ್ರೈವರ್ ಪಕ್ಕದಲ್ಲಿ ಕೂತು, ಅವಳ ಮುದ್ದೆ ಸಾರಿನ ಕ್ಯಾರಿಯರ್ ಬರುತ್ತಿತ್ತು. ಅಂಥವಳು ನನ್ನಿಂದ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಹಿತ್ತಲಿನ ಹಳೇ ಹಲಸಿನ ಮರ ಗಾಳಿಗೆ ಬಿದ್ದಿತ್ತು.

"ಇದ್ರಲ್ಲಿ ನಂಗೊಂದು ಬೆಂಚ್ ಮಾಡ್ಕೊಡೋ. ಕಾಲು ಮಡಿಸ್ಕೊಂಡು ಕೂರೋ ಅಷ್ಟು ಅಗಲ ಇರ್ಬೇಕು. ಒಂದೇ ಹಲಗೇದು. ಜೋಡಿಸಿದ್ದು ಬೇಡ, ಸಂದು ಬಿಟ್ಕೊಂಡು ತೊಡೆ ಚಿವುಟ್ತದೆ."

ಸಾಮಿಲ್ಲಿನಲ್ಲಿ ದಿಮ್ಮಿ ಸೀಳಿಸಿದಾಗ ಅಷ್ಟು ಅಗಲದ, ಗಂಟಿಲ್ಲದ ಹಲಗೆ ಸಿಕ್ಕಿದ್ದು ಒಂದೇ. ಅದನ್ನು ಮಿಕ್ಕವುಗಳ ಜೊತೆ, ನಡುನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ಅಕ್ಕನ ರೇಷ್ಮೆ ಹುಳುವಿನ ಮನೆಯಲ್ಲೇ ಪೇರಿಸಿದೆ. ಆಗ ಅವಳು ಹುಳು ಸಾಕುವುದನ್ನು ನಿಲ್ಲಿಸಿದ್ದಳು. ಒಳಗೆ ನೆರಳು, ಎರಡೂ ಕಡೆ ಜಾಲರಿಯ ಕಿಟಕಿ. ಮರ ಒಣಗಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೂರನೇ ವರ್ಷದ ಚಳಿಯಲ್ಲಿ ಹೋಗಿ ನೋಡಿದರೆ ಆ ಹಲಗೆ ಸುಟ್ಟ ಹಪ್ಪಳದ ಹಾಗೆ ಬಾಗಿತ್ತು. ಅಕ್ಕ ಮತ್ತೆ ಹುಳು ಸಾಕಿದ್ದಳು. ಚಳಿಗೆ ಹುಳು ಸರಿಯಾಗಿ ಮೇಯುವುದಿಲ್ಲವೆಂದು ಒಳಗೆ ಇದ್ದಲ ಒಲೆ ಹಚ್ಚಿದ್ದಳು. ಜಾಗ ಸಾಲದೆ ಉಳಿದ ಹಲಗೆಗಳನ್ನು ಹೊರಗೆ ಸಾಗಿಸಿ, ಇದೊಂದನ್ನು ಮಾತ್ರ ಒಲೆಯ ಮಗ್ಗುಲಲ್ಲಿ ಗೋಡೆಗೆ ಒರಗಿಸಿದ್ದಳು.

"ಬೆಚ್ಚಗಿದ್ರೆ ಹುಳಕ್ಕೆ ಒಳ್ಳೇದು. ಹಲಗೆಗೂ ಒಳ್ಳೇದೇ ಅಂದ್ಕೊಂಡೆ ಕಣೋ" ಅಂದಳು.

ನಾನು ಕೂಗಾಡಿದೆ. ಒಲೆಯ ಕಡೆಯ ಮೈ ಬೇಗ ಒಣಗಿ ಕುಗ್ಗಿಬಿಟ್ಟಿದೆ, ಇನ್ನು ಉದ್ದಕ್ಕೆ ಸೀಳಿ ಮತ್ತೆ ಜೋಡಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ ಅಂದೆ. ಅಕ್ಕನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಊರ್ಕೋರಾ!" ಅಂತ ಗದರಿದಳು. ಸುಮ್ಮನಾದ ಮೇಲೆ, ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ಅವಳು ಹೊದಿಸಿದ್ದ ಒದ್ದೆ ಗೋಣಿತಾಟು ಕಣ್ಣಿಗೆ ಬಿತ್ತು.

ಅದನ್ನೇ ಅಂಗಳದಲ್ಲಿ ಹಾಸಿ, ತಗ್ಗಾದ ಮೈ ಕೆಳಗೆ ಮಾಡಿ ಹಲಗೆಯನ್ನು ಮಲಗಿಸಿದೆವು. ಕೆಳಗೆ ತೇವ, ಮೇಲೆ ಬಿಸಿಲು. ಕುಗ್ಗಿದ್ದು ಹಿಗ್ಗಬೇಕು, ಉಬ್ಬಿದ್ದು ಒಣಗಬೇಕು. ಅವಸರ ಮಾಡಿದರೆ ಸೀಳು ಬಿಡುತ್ತದೆ, ಯಾರಾದರೂ ಪಕ್ಕದಲ್ಲೇ ಇರಬೇಕು. ನನಗೆ ಕೋಲಾರದಲ್ಲಿ ಕೆಲಸವಿತ್ತು.

"ನೀನ್ ಹೋಗೋ, ನಾನ್ ನೋಡ್ಕೊಂತೀನಿ."

ಹುಳು ಪೊರೆ ಬಿಡುವ ಕೊನೆಯ ಜ್ವರ ಮುಗಿಸಿ ಎದ್ದು ಹಗಲೂ ರಾತ್ರಿ ಮೇಯುವ ಕಾಲ ಅದು. ಅವಳಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಆದರೂ ಸೊಪ್ಪು ಹಾಕಿ ಬಂದಾಗಲೆಲ್ಲ ಗೋಣಿಗೆ ನೀರು ಚಿಮುಕಿಸುತ್ತಿದ್ದಳು, ಬಿಸಿಲು ಚುರುಕಾದರೆ ಹಲಗೆಯನ್ನು ನೆರಳಿಗೆ ಎಳೆಯುತ್ತಿದ್ದಳು. ನಾನು ಬಿಟ್ಟುಬಂದಿದ್ದ ನೇರ ಪಟ್ಟಿಯನ್ನು ತಗ್ಗಿಗೆ ಅಡ್ಡ ಹಿಡಿದು ನೋಡಿ ಫೋನು ಮಾಡುತ್ತಿದ್ದಳು. ಮೊದಲು, "ಇನ್ನೂ ಬೆರಳು ತೂರ್ತದೆ ಕಣೋ." ಆಮೇಲೊಂದು ದಿನ, "ಈಗ ಉಗುರಷ್ಟೇ."

ಹಲಗೆ ಶೆಡ್ಡಿಗೆ ಬಂತು. ಹಲಗೆ ಉಜ್ಜುವ ನನ್ನ ಮಿಷನ್ನಿನ ಬಾಯಿಗೆ ಅಷ್ಟು ಅಗಲ ಹಿಡಿಸುವುದಿಲ್ಲ, ಹಾಗಾಗಿ ಕೈ ತೋಪಡವನ್ನೇ ಹಿಡಿದೆ. ಮೊದಲು ಅಡ್ಡಕ್ಕೆ, ಆಮೇಲೆ ಓರೆಗೆ, ಕೊನೆಗೆ ಉದ್ದಕ್ಕೆ. ಎರಡು ತುದಿಗೂ ಒಂದೊಂದು ಪಟ್ಟಿ ಇಟ್ಟು, ಬಗ್ಗಿ ಕಣ್ಣು ಕಿರಿದು ಮಾಡಿ ಸೊಟ್ಟ ಉಳಿದಿದೆಯೇ ನೋಡುವುದು, ಮತ್ತೆ ಉಜ್ಜುವುದು. ಅರಿಸಿನ ಬಣ್ಣದ ಹೊಟ್ಟು ಮೊಣಕಾಲವರೆಗೆ ಬಿತ್ತು. ಭುಜ ನೋಯುತ್ತಿತ್ತು, ಮನಸ್ಸು ಮಾತ್ರ ತುಂಬಿಕೊಂಡಿತ್ತು. ನನ್ನನ್ನೂ ಅವಳು ಹೀಗೇ, ಕೈತುಂಬ ಕೆಲಸದ ನಡುವೆ, ಬಿಸಿಲು ನೆರಳು ನೋಡಿಕೊಂಡು ಬೆಳೆಸಿದಳಲ್ಲ ಅನ್ನಿಸುತ್ತಿತ್ತು.

ಬೆಂಚು ಒಯ್ದು ಅವಳ ಹಜಾರದಲ್ಲಿ ಇಟ್ಟೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹತ್ತಿ ಕೂತಳು. ಕಾಲು ಮಡಿಸಿದಳು. ಅಂಗೈಯಿಂದ ಹಲಗೆಯನ್ನು ಈ ಅಂಚಿನಿಂದ ಆ ಅಂಚಿಗೆ ಸವರಿ ಸಂದು ಹುಡುಕಿದಳು. ಸಿಗಲಿಲ್ಲ.

"ಹೋಗು, ಒಳಗೋಗಿ ಕಾಫಿ ಮಾಡ್ಕೊಂಡು ಬಾ. ನಾನಿವತ್ತು ಏಳಲ್ಲ" ಅಂದಳು.

ಆ ಮನೆಯಲ್ಲಿ ಅವಳು ಕೂತು ನಾನು ನಿಂತಿದ್ದು ಅದೇ ಮೊದಲು. ಖುಷಿಯಿಂದಲೇ ಒಳಗೆ ಹೋಗಿ ಹಾಲು ಕಾಯಲು ಇಟ್ಟೆ. ಗೋಡೆಯ ಗೂಡಿನಲ್ಲಿ ತಡಕಾಡಿದೆ, ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿದೆ. ನಾನು ಉಂಡು ಬೆಳೆದ ಮನೆಯಲ್ಲಿ ಸಕ್ಕರೆ ಎಲ್ಲಿರುತ್ತದೆ ಎಂದು ಅಕ್ಕನನ್ನು ಕೂಗಿ ಕೇಳಬೇಕಾಯಿತು.