ಎದೆಯ ಮೇಲೆ ಇನ್ನೊಬ್ಬಳ ಹೆಸರು

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಒಬ್ಬರ ಬಾಯಿ ಮುಚ್ಚಿಸಬೇಕೆಂದರೆ ಬೈಯುವುದಿಲ್ಲ, ಶಾಲು ಹೊದಿಸುತ್ತೇವೆ. ನಿವೃತ್ತರಾದವರಿಗೆ ಶಾಲು, ಬಡ್ತಿ ಪಡೆದವರಿಗೆ ಶಾಲು, ಶಾಲು ತಂದುಕೊಟ್ಟವರಿಗೂ ಒಂದು ಶಾಲು. ಕ್ರೀಡಾಕೂಟಗಳಲ್ಲಿ ಮೈಕು ಹಿಡಿದೇ ತಲೆ ಬೆಳ್ಳಗಾದ ನನ್ನ ಮನೆಯಲ್ಲೂ ಒಂದು ಟ್ರಂಕು ತುಂಬ ಇವೆ. ಆದರೆ ರಾಷ್ಟ್ರಗೀತೆಯ ನಡುವೆ ಒಬ್ಬ ಹುಡುಗಿಗೆ ಶಾಲು ಹೊದಿಸಿದ್ದನ್ನು ನಾನು ನೋಡಿದ್ದು ಒಂದೇ ಸಲ. ಆ ಹುಡುಗಿಯ ವಿಷಯ ಹೇಳಬೇಕು.

ಸೌಂದರ್ಯಾ ಉಪ್ಪಿನಬೆಟಗೇರಿಯವಳು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಪಾಳಿಗೆ ಹೋಗುವ ಮೊದಲು ಓಡುತ್ತಾಳೆ, ಪಾಳಿ ಮುಗಿಸಿ ಬಂದು ಮತ್ತೆ ಓಡುತ್ತಾಳೆ. ಅವಳ ಅವ್ವ ಬಾಳವ್ವ ನನ್ನ ಮುಂದೆ ಒಮ್ಮೆ ಗೊಣಗಿದ್ದಳು: "ಎಮ್ಮಿ ಕೊಡೂ ಹಾಲೆಲ್ಲಾ ಇಕಿ ಕಾಲಿಗೇ ಹೊಂಟೈತಿ ನೋಡ್ರಿ." ಗೊಣಗುತ್ತಲೇ ಲೋಟ ತುಂಬುತ್ತಿದ್ದಳು.

ಸಾವಿರದ ಐನೂರು ಮೀಟರ್ ಓಟದಲ್ಲಿ ಸೌಂದರ್ಯಾ ಯಾವಾಗಲೂ ಎರಡನೆಯವಳು. ಮೊದಲನೆಯವಳು ಗಬ್ಬೂರಿನ ಶಮೀಮ. ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದರು, ಓಟದ ಗೆರೆಗೆ ಬಂದು ನಿಂತರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೋದ ವರ್ಷ ನಮ್ಮ ಓಟಗಾರರ ಸಂಘ ಹುಡುಗಿಯರನ್ನು ದೂರದ ಕೂಟವೊಂದಕ್ಕೆ ಕರೆದೊಯ್ದಿತ್ತು. ಬರುವಾಗ ಹುಡುಗಿಯರು ರೈಲಿನ ಪಾಯಖಾನೆಯ ಬಾಗಿಲ ಹತ್ತಿರ ಪೇಪರು ಹಾಸಿಕೊಂಡು ಕುಳಿತು ಬಂದರು. ಸಂಘದವರು ಎಸಿ ಡಬ್ಬಿಯಲ್ಲಿ ಗೊರಕೆ ಹೊಡೆಯುತ್ತ ಬಂದರು. ಶಮೀಮ ಇದನ್ನು ಒಬ್ಬ ವರದಿಗಾರನಿಗೆ ಹೇಳಿಬಿಟ್ಟಳು. ಪತ್ರಿಕೆಯಲ್ಲಿ ಬಂತು. ಸಂಘ ಅವಳನ್ನು ಅಶಿಸ್ತಿನ ಹೆಸರಿನಲ್ಲಿ ಹೊರಗೆ ಹಾಕಿತು. "ಮನಿ ಮಾತು ಓಣ್ಯಾಗ ಆಡಿದ್ಲು," ಎಂದರು ಕಾರ್ಯದರ್ಶಿ ವಿಜಯೀಂದ್ರ. ಮನೆಯಂತೆ ಮನೆ. ಮನೆಯವರನ್ನು ಯಾರಾದರೂ ಪಾಯಖಾನೆಯ ಬಾಗಿಲಲ್ಲಿ ಕೂರಿಸುತ್ತಾರೆಯೇ?

ಈ ವರ್ಷದ ಆಯ್ಕೆ ಕೂಟದಲ್ಲಿ ಗೆದ್ದ ಒಬ್ಬಳಿಗೆ ಮಾತ್ರ ರಾಷ್ಟ್ರಮಟ್ಟಕ್ಕೆ ಹೋಗುವ ಅವಕಾಶವಿತ್ತು. ಶಮೀಮ ಇಲ್ಲದ ಓಟದಲ್ಲಿ ಸೌಂದರ್ಯಾ ಸಲೀಸಾಗಿ ಗೆದ್ದಳು. ಎಲ್ಲರೂ ಬೆನ್ನು ತಟ್ಟಿದರು. ಅವಳ ಮುಖ ಮಾತ್ರ ಹುಳಿ ಮಜ್ಜಿಗೆ ಕುಡಿದವರ ಹಾಗಿತ್ತು. ಬಹುಮಾನಕ್ಕೆ ಮೊದಲು ನನ್ನ ಮೇಜಿನ ಹತ್ತಿರ ಬಂದಳು.

"ಕಾಕಾ, ಪಿನ್ ಅದಾವೇನ್ರಿ?"

ಎದೆಯ ನಂಬರು ಹರಿದಿರಬೇಕು ಎಂದುಕೊಂಡು ಕೊಟ್ಟೆ.

ಅಂದಿನ ಕೂಟದಲ್ಲಿ ಅವಳದೇ ಕೊನೆಯ ಓಟ. ಗೆದ್ದವರು ಪೀಠದ ಮೇಲೆ ಇರುವಾಗಲೇ ಸಮಾರೋಪದ ರಾಷ್ಟ್ರಗೀತೆ. "ಎಲ್ಲರೂ ಎದ್ದು ನಿಲ್ಲಬೇಕು," ಎಂದು ನಾನು ಮೈಕಿನಲ್ಲಿ ಹೇಳಿದ ಕೂಡಲೇ ಸೌಂದರ್ಯಾ ಮೇಲಂಗಿಯ ಜಿಪ್ಪು ಎಳೆದು ಅದನ್ನು ಕೆಳಗೆ ಬಿಟ್ಟಳು. ಎದೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಹೆಸರು: ಶಮೀಮ. ಅಷ್ಟರಲ್ಲಿ ಗೀತೆ ಶುರುವಾಯಿತು.

ಇನ್ನು ಯಾರು ಅಲುಗಾಡುವಂತಿದೆ? ಮುಖ್ಯ ಅತಿಥಿಗಳು ಕಣ್ಣು ಪಿಳಿಪಿಳಿ ಬಿಟ್ಟರು. ಪೊಲೀಸರು ಸೆಟೆದು ನಿಂತಿದ್ದರು. ನೋಡಲು ಬಂದವರ ನಡುವೆ, ಕೊನೆಯ ಮೆಟ್ಟಿಲ ಸಾಲಿನಲ್ಲಿ, ಶಮೀಮ ಕೂಡ ನಿಂತಿದ್ದಳು. ಪೀಠದ ಮೇಲೆ ಸೌಂದರ್ಯಾ ಕೈ ತೊಡೆಗೆ ಹಚ್ಚಿ, ಕತ್ತೆತ್ತಿ, ಬಾಯ್ತುಂಬ ಹಾಡುತ್ತಿದ್ದಳು.

ವಿಜಯೀಂದ್ರರಿಗೆ ತಡೆಯಲಾಗಲಿಲ್ಲ. ಅತಿಥಿಗಳಿಗೆಂದು ತಟ್ಟೆಯಲ್ಲಿ ಇಟ್ಟಿದ್ದ ಶಾಲನ್ನು ಎತ್ತಿಕೊಂಡು, ಗೀತೆ ನಡೆದಿರುವಾಗಲೇ ವೇದಿಕೆಯಿಂದ ಓಡಿ ಬಂದು, ಅವಳ ಭುಜದ ಮೇಲಿಂದ ಎದೆಯವರೆಗೆ ಹೊದಿಸಿ ಹೆಸರು ಮುಚ್ಚಿದರು. ಒಮ್ಮೆ ಭುಜ ಕೊಡವಿದ್ದರೆ ಸಾಕಿತ್ತು, ಶಾಲು ಬಿದ್ದುಹೋಗುತ್ತಿತ್ತು. ಸೌಂದರ್ಯಾ ಕೊಡವಲಿಲ್ಲ, ಹಾಡನ್ನೂ ಬಿಡಲಿಲ್ಲ. ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದುಕೊಂಡೆ. ಕೊನೆಯ 'ಜಯ ಹೇ' ಮುಗಿದ ಮೇಲೆಯೇ ಅವಳು ಶಾಲು ತೆಗೆದು ನೀಟಾಗಿ ಮಡಚಿ ಅವರ ಕೈಗೆ ಕೊಟ್ಟಳು.

"ತಗೋರಿ ಸರ. ನನಗ ಚಳಿ ಆಗಿಲ್ಲ."

ಮರುವಾರ ಸಂಘದ ವಿಚಾರಣೆ. ರಾಷ್ಟ್ರಗೀತೆಗೆ ಅವಮಾನ ಮಾಡಿದಳೆಂದು ದೂರು, ದೂರಿದವರು ವಿಜಯೀಂದ್ರ. ಮೈಕಿನವನೆಂದು ನನ್ನನ್ನೂ ಸಾಕ್ಷಿಗೆ ಕರೆದಿದ್ದರು. ಅಧ್ಯಕ್ಷರು ಶಿವಯೋಗೀಶ, ಹಳೆಯ ವಕೀಲರು. ಮೈದಾನದಲ್ಲಿ ಯಾರೋ ತೆಗೆದು ಊರೆಲ್ಲ ಹರಿದಾಡಿದ್ದ ವಿಡಿಯೋವನ್ನು ಮೊಬೈಲಿನಲ್ಲಿ ಹಾಕಿಸಿ ನೋಡಿದರು. ಮತ್ತೊಮ್ಮೆ ಹಾಕಿಸಿದರು. ಇಡೀ ಮೈದಾನ ಕಂಬದ ಹಾಗೆ ನಿಂತಿತ್ತು. ಗೀತೆಯ ನಡುವೆ ಓಡಾಡಿದವರು ಒಬ್ಬರೇ, ಕಂಕುಳಲ್ಲಿ ಶಾಲು ಇದ್ದವರು.

"ಅವಮಾನ ಮಾಡಿದವರು ಯಾರು ಅಂತ ಬರೀಲಿ, ವಿಜಯೀಂದ್ರ?" ಎಂದರು ಶಿವಯೋಗೀಶ. ಆಮೇಲೆ ಸೌಂದರ್ಯಾಳ ಕಡೆ ತಿರುಗಿದರು. "ಹೆಸರು ಮುಚ್ಚಿ ಹೋತು. ಶಾಲು ಯಾಕ ಕಿತ್ತು ಒಗೀಲಿಲ್ಲ, ತಂಗಿ?"

"ರಾಷ್ಟ್ರಗೀತಿ ನಡದಿತ್ತಲ್ರೀ ಸರ."

ಶಿವಯೋಗೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಅವರೂ ಸಂಘದವರೇ, ಸಂಘದ ಮರ್ಯಾದೆಯೂ ಉಳಿಯಬೇಕಲ್ಲ. "ತಪ್ಪಾತು ಅಂತ ಎರಡು ಸಾಲು ಬರದುಕೊಡು, ತಂಗಿ. ರಾಷ್ಟ್ರಮಟ್ಟಕ್ಕ ನೀನ ಹೋಗು. ಶಮೀಮಂದು ಮುಂದಿನ ವರ್ಷ ನೋಡೋಣು."

ಅಲ್ಲಿದ್ದವರೆಲ್ಲ ಬರೆದುಕೊಡು ಎಂದು ಕಣ್ಣಲ್ಲೇ ಹೇಳಿದರು. ನಾನೂ ಹೇಳಿದೆ. ರಾಷ್ಟ್ರಮಟ್ಟಕ್ಕೆ ಹೋಗಿ ಬಂದರೆ ಪ್ಯಾಕಿಂಗ್ ಬಿಟ್ಟು ಒಂದು ಸರಕಾರಿ ನೌಕರಿ ಸಿಗುವ ಆಸೆ ಇತ್ತು.

"ನೆಟ್ಟಗ ನಿಂತೇನಿ, ನೆಟ್ಟಗ ಹಾಡೇನಿ. ತಪ್ಪು ಅಂತ ಹೆಂಗ ಬರೀಲ್ರಿ?" ಎಂದಳು ಸೌಂದರ್ಯಾ. "ಅಕಿ ಇಲ್ಲದ ಗೆದ್ದದ್ದು ನನಗ ಬ್ಯಾಡ್ರಿ. ಅಕಿನ್ನ ಕರಸ್ರಿ, ಇಬ್ಬರನ್ನೂ ಓಡಸ್ರಿ. ಗೆದ್ದಾಕಿ ಹೋಗಲಿ."

ವಿಡಿಯೋ ಊರೆಲ್ಲ ಓಡಾಡುತ್ತಿರುವಾಗ ಇಲ್ಲ ಎನ್ನಲು ಸಂಘಕ್ಕೆ ಬಾಯಿ ಬರಲಿಲ್ಲ. ಶಮೀಮಳ ಶಿಕ್ಷೆ ರದ್ದಾಯಿತು. ಮುಂದಿನ ರವಿವಾರ ಮತ್ತೆ ಓಟ ಇಟ್ಟರು.

ಅಂದೂ ಮೈಕು ನನ್ನ ಕೈಯಲ್ಲೇ ಇತ್ತು. ಕೊನೆಯ ತಿರುವಿನವರೆಗೆ ಸೌಂದರ್ಯಾ ಮುಂದೆ. ಬಾಳವ್ವ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಶಮೀಮ ಹೊರಗಿನಿಂದ ಬಂದಳು, ಭುಜಕ್ಕೆ ಭುಜ ಹತ್ತಿತು, ಗೆರೆಯಲ್ಲಿ ಅವಳ ಎದೆ ಒಂದು ಗೇಣು ಮುಂದಿತ್ತು.

ಸೌಂದರ್ಯಾ ಮಣ್ಣಿನಲ್ಲಿ ಕುಳಿತು ಅತ್ತಳು. ಮುಖ ಮುಚ್ಚಿಕೊಳ್ಳಲೂ ಇಲ್ಲ, ಸಣ್ಣ ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತಳು. ಬಯಸಿ ಬಯಸಿ ಓಡಿದವಳು, ಅಳದೆ ಏನು ಮಾಡಿಯಾಳು? ಶಮೀಮ ಓಡಿ ಬಂದು ಅವಳ ಮುಂದೆ ಕೂತಳು.

"ನನ್ನ ಸಲುವಾಗಿ ನಿಂದು ಹೋತಲ್ಲ," ಎಂದಳು. ಅವಳ ಕಣ್ಣೂ ತುಂಬಿತ್ತು.

ಸೌಂದರ್ಯಾ ಅಂಗೈಯಿಂದ ಮೂಗು ಒರೆಸಿಕೊಂಡಳು. "ನಿನ್ನ ಸಲುವಾಗಿ ಅಂತ ಯಾರು ಹೇಳಿದ್ರು? ನಾ ಖರೇ ಮೊದಲನೇದಾಕಿ ಹೌದೋ ಅಲ್ಲೋ ಅಂತ ನನಗ ಗೊತ್ತಾಗಬೇಕಿತ್ತು." ಮತ್ತೆ ಅಳು ಒತ್ತರಿಸಿ ಬಂತು. "ಅಲ್ಲ. ಈಗ ಗೊತ್ತಾತು. ಹೋಗಿ ಗೆದ್ದು ಬಾ."